ಹಕ್ಕಿ ಕಾಯುವ ಸೀಡಿ

ಆ ದಿನದ ರಗಳೆಗೆಲ್ಲ ಮೂಲ ಒಂದು ಹಲ್ಲಿ. ಬೆಟಗೇರಿಯ ಶಕೀಲನ ಪ್ರೆಸ್ಸಿನಲ್ಲಿದ್ದ ಹಳೆಯ ಕಂಪ್ಯೂಟರಿನ ಡಬ್ಬಿಯೊಳಗೆ ಬೆಚ್ಚಗಿರುತ್ತದೆಂದು ಅದು ಸಂಸಾರ ಹೂಡಿತ್ತು. ಮುಂಜಾನೆ ಶಕೀಲ ಸ್ವಿಚ್ಚು ಒತ್ತಿದ. ಒಳಗೆ ಚಟ್ ಎಂದಿತು, ಹಲ್ಲಿ ಹಿಂದಿನ ಕಿಂಡಿಯಿಂದ ಹೊರಬಿದ್ದು ಗೋಡೆ ಹತ್ತಿತು, ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳ ಒಂದು ಸಾಲು ಮೂಡಿ ಅಲ್ಲೇ ನಿಂತುಬಿಟ್ಟಿತು. ಆಪರೇಟಿಂಗ್ ಸಿಸ್ಟಮ್ ಸಿಗುತ್ತಿಲ್ಲ ಎಂದು ಅದರ ಅರ್ಥ. ಶಕೀಲ ಆರಿಸಿ ಮತ್ತೆ ಹಚ್ಚಿದ. ಮತ್ತೆ ಅದೇ ಸಾಲು.

ಅಚ್ಚುಮೊಳೆ ಜೋಡಿಸುವ ಕೆಲಸ ನಿಂತ ಕಾಲಕ್ಕೆ ಶಕೀಲನ ಅಪ್ಪ ಬುಡ್ಡೇಸಾಬ ಹುಬ್ಬಳ್ಳಿಯಿಂದ ಹೊತ್ತು ತಂದ ಯಂತ್ರ ಅದು. ಅದರಲ್ಲಿದ್ದದ್ದು ತೊಂಬತ್ತೆಂಟನೆಯ ಇಸವಿಯ ವಿಂಡೋಸ್. ಅದರ ಮೇಲೆ ನಡೆಯುವ ಕನ್ನಡ ಟೈಪಿನ ಒಂದು ಹಳೆಯ ತಂತ್ರಾಂಶ ಬೇರೆ ಯಾವ ಕಂಪ್ಯೂಟರಿನಲ್ಲೂ ಏಳುತ್ತಿರಲಿಲ್ಲ. ಮೀಸೆ ಚಿಗುರಿದಾಗಿನಿಂದ ಶಕೀಲ ಅದರ ಮುಂದಿನ ಕುರ್ಚಿಯಲ್ಲಿ ಕೂತು ಮದುವೆ ಕಾರ್ಡು, ನಾಮಕರಣ, ಶ್ರದ್ಧಾಂಜಲಿ ಎಲ್ಲವನ್ನೂ ಕುಟ್ಟಿದ್ದ. ಅವನ ಬೆರಳಿಗೆ ಗೊತ್ತಿದ್ದದ್ದು ಆ ತಂತ್ರಾಂಶದ ಕೀಲಿಗಳು ಮಾತ್ರ. ಹೊಸ ಕಂಪ್ಯೂಟರಿನ ಮುಂದೆ ಕೂರಿಸಿದರೆ ಬೇರೆಯವರ ಚಪ್ಪಲಿ ಮೆಟ್ಟಿಕೊಂಡವನ ಹಾಗೆ ಆಡುತ್ತಿದ್ದ.

ಹೆಂಡತಿ ಫರ್ಹಾನಾಳ ಕತೆ ಹಾಗಲ್ಲ. ಅವಳು ಗದಗಿನಲ್ಲಿ ಕಂಪ್ಯೂಟರ್ ಕ್ಲಾಸಿಗೆ ಹೋಗಿ ಹೊಸದನ್ನು ಕಲಿತವಳು. ತವರಿನಿಂದ ಬಂದ ಒಂದು ಲ್ಯಾಪ್‌ಟಾಪು ಕಪಾಟಿನಲ್ಲಿ ತನ್ನ ಸರದಿಗಾಗಿ ಕಾಯುತ್ತಿತ್ತು. ಈ ಸಂದೂಕವನ್ನು ಗುಜರಿಗೆ ಹಾಕಿ ಎಂದು ಅವಳು ಎಷ್ಟೋ ಸಲ ಜಗಳ ತೆಗೆದಿದ್ದಳು. ಆದರೆ ಅಂದು ಕಪ್ಪು ಪರದೆಯನ್ನು ನೋಡಿ ಅವಳು ಜಗಳ ತೆಗೆಯಲಿಲ್ಲ. ಶಕೀಲನಿಗೆ ಹೆದರಿಕೆಯಾದದ್ದು ಅದಕ್ಕೇ.

"ಸಂಜಿ ಮಸೂತ್ಯಾಗ ಮಗ್ರಿಬ್ ಬಾಂಗ್ ಆಗೂದ್ರೊಳಗ ಇದು ಚಾಲೂ ಆತಂದ್ರ ಇನ್ನ ಮ್ಯಾಲ ನಾ ಇದರ ಸುದ್ದಿ ತಗಿಯೂದಿಲ್ಲ, ಕುರ್ಚಿ ನಿಮ್ದ" ಎಂದಳು. "ಆಗ್ಲಿಲ್ಲಂದ್ರ ಇದು ಗುಜರಿಗೆ, ನನ್ನ ಲ್ಯಾಪ್‌ಟಾಪ್ ಟೇಬಲ್ ಮ್ಯಾಲ, ನಾ ಕುರ್ಚಿ ಮ್ಯಾಲ. ನೀವು ಕಾರ್ಡ್ ಮಡಚ್ರಿ."

ಶಕೀಲ ಆತು ಎಂದ. ಬಾಯಿಂದ ಆತು ಎಂದನೇ ಹೊರತು ಕಣ್ಣ ಮುಂದೆ ಬೇರೆಯೇ ಚಿತ್ರ ಬಂತು. ಗಿರಾಕಿಗಳು ಬರುತ್ತಾರೆ, ಕುರ್ಚಿಯಲ್ಲಿರುವ ಫರ್ಹಾನಾಗೆ ನಮಸ್ಕಾರ ಹೊಡೆಯುತ್ತಾರೆ, ಮೂಲೆಯಲ್ಲಿ ಕೂತು ಕಾರ್ಡು ಮಡಚುತ್ತಿರುವ ತನ್ನ ಹತ್ತಿರ ಕುಡಿಯಲು ನೀರು ಕೇಳುತ್ತಾರೆ. ಇದಕ್ಕಿಂತ ಹೆಚ್ಚಿನ ಅವಮಾನವನ್ನು ಅವನಿಂದ ಊಹಿಸಲಾಗಲಿಲ್ಲ. ಅದರ ಮೇಲೆ, ಮಗಳ ಮದುವೆ ಕಾರ್ಡು ಮಾಡಿಸಲು ಲಕ್ಷ್ಮೇಶ್ವರದ ಗಿರಾಕಿಯೊಬ್ಬರು ಮರುದಿನ ಮುಂಜಾನೆಯೇ ಬರುವವರಿದ್ದರು.

ಸುದ್ದಿ ಹಬ್ಬಲು ತಡವಾಗಲಿಲ್ಲ. ಮೊದಲು ಬಂದವರು ಪಕ್ಕದ ಮನೆಯ ರಾಮಚಂದ್ರರಾಯರು. ಗದಗಿನ ಒಂದು ಕಚೇರಿಯಿಂದ ನಿವೃತ್ತರಾಗಿ ದಿನಾ ಪ್ರೆಸ್ಸಿಗೆ ಪುಕ್ಕಟೆ ಪೇಪರು ಓದಲು ಬರುತ್ತಿದ್ದ ಅವರು, ತಮ್ಮ ಕಚೇರಿಗೆ ಮೊದಲ ಕಂಪ್ಯೂಟರು ಬಂದ ದಿನ ಅದಕ್ಕೆ ಮಾಲೆ ಹಾಕಿ ತೆಂಗಿನಕಾಯಿ ಒಡೆದವರು. ಆವತ್ತಿನಿಂದ ಓಣಿಯಲ್ಲಿ ಅವರು ಕಂಪ್ಯೂಟರು ಬಲ್ಲವರು ಎಂದೇ ಲೆಕ್ಕ. ಅವರ ಬೆನ್ನಿಗೆ ಎದುರಿನ ಮೊಬೈಲ್ ಅಂಗಡಿಯ ಭೀಮೇಶ ಅಂಗಡಿಗೆ ಅರ್ಧ ಶಟರ್ ಎಳೆದು ಬಂದ. ಅವನಿಗೆ ಯಾರದೇ ಯಂತ್ರದ ಹೊಟ್ಟೆ ಬಿಚ್ಚುವುದೆಂದರೆ ಊಟ ಬಿಡುವಷ್ಟು ಪ್ರೀತಿ.

ಡಬ್ಬಿ ಬಿಚ್ಚಿದರು. ಒಳಗೆ ಕೈತುಂಬ ಧೂಳು, ಹಲ್ಲಿಯ ಮೊಟ್ಟೆ, ಒಣಗಿದ ಚೆಂಡುಹೂವಿನ ಎಸಳು, ಒಂದಿಷ್ಟು ಅಕ್ಷತೆ. ಪ್ರತಿ ಆಯುಧಪೂಜೆಗೆ ರಾಯರು ತಾವಾಗಿ ಬಂದು, ಯಂತ್ರಕ್ಕೆ ಯಾವ ಜಾತಿ ಎಂದು ಹೇಳಿ, ಅದಕ್ಕೊಂದು ಪೂಜೆ ಮಾಡಿ ಹೋಗುತ್ತಿದ್ದರು. ಫ್ಲಾಪಿ ಹಾಕುವ ಸೀಳಿನಲ್ಲಿ ಅವರು ವರ್ಷಾ ವರ್ಷಾ ಹಾಕಿದ ಅಕ್ಷತೆಯೆಲ್ಲ ಅಲ್ಲಿ ಭದ್ರವಾಗಿತ್ತು. ಅದರಿಂದಲೇ ಇಷ್ಟು ವರ್ಷ ಬಾಳಿಕೆ ಬಂತು ಎಂದು ರಾಯರು ಸಮಾಧಾನದಿಂದ ಹೇಳಿದರು.

ಭೀಮೇಶ ಮೆಮೊರಿಯ ಪಟ್ಟಿ ಕಿತ್ತು, ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಉಫ್ ಎಂದು ಊದಿ ಮತ್ತೆ ಕೂರಿಸಿದ. ಏನೂ ಆಗಲಿಲ್ಲ. ಇದಕ್ಕೆ ಹೊಸ ಡಿಸ್‌ಪ್ಲೇ ಹಾಕಿದರೆ ಹೇಗೆ ಎಂದು ಕೇಳಿದ. ರಾಯರು ತಮ್ಮ ಕಚೇರಿಯ ಪದ್ಧತಿ ಹೇಳಿದರು: ಕಂಪ್ಯೂಟರು ನಿಂತರೆ ಯಾರೂ ಮುಟ್ಟುತ್ತಿರಲಿಲ್ಲವಂತೆ, ಚಹಾ ಕುಡಿದು ಬರುವಷ್ಟರಲ್ಲಿ ತಾನೇ ಏಳುತ್ತಿತ್ತಂತೆ. ಹಾಗಾಗಿ ಚಹಾ ಕುಡಿದರು. ಫರ್ಹಾನಾ ಮಾಡಿಕೊಟ್ಟ ಚಹಾ ಮುಗಿಯಿತು, ಯಂತ್ರ ಮಾತ್ರ ಏಳಲಿಲ್ಲ.

ಕೊನೆಗೆ ಶಕೀಲನೇ ನಿರ್ಧಾರಕ್ಕೆ ಬಂದ. ಇನ್ನು ಹೊಸದಾಗಿ ವಿಂಡೋಸ್ ಹಾಕುವುದೊಂದೇ ದಾರಿ. ಅದರ ಅಸಲಿ ಸೀಡಿ ಗೋಡೆಯ ಮಾಡದಲ್ಲಿದ್ದ ಡಬ್ಬಿಯಲ್ಲಿತ್ತು. ಅವನು ಡಬ್ಬಿ ಇಳಿಸಿ ತೆರೆದ. ಒಳಗೆ ಜಿರಳೆ ಗುಳಿಗೆ ಬಿಟ್ಟರೆ ಏನೂ ಇರಲಿಲ್ಲ.

"ಹ್ವಾದ ವರ್ಷ ನೀವ ಕೊಟ್ಟೀರಲ್ರೀ, ಅಸುಂಡಿ ಅಕ್ಕಾಗ" ಎಂದಳು ಫರ್ಹಾನಾ ಬಾಗಿಲಿಗೆ ಒರಗಿ.

ಶಕೀಲನಿಗೆ ಆಗ ನೆನಪಾಯಿತು. ಅಸುಂಡಿಗೆ ಕೊಟ್ಟ ಅಕ್ಕ ರಸೂಲಬಿ ಜೋಳದ ಹೊಲದಲ್ಲಿ ಹಕ್ಕಿ ಕಾಯಲು ಹೊಳೆಯುವ ಸೀಡಿ ಇದ್ದರೆ ಕೊಡು ಎಂದಿದ್ದಳು. ಸಾಲಾಗಿ ದಾರಕ್ಕೆ ಕಟ್ಟಿ ಬಿಟ್ಟರೆ ಗಾಳಿಗೆ ತಿರುಗಿ ಫಳಫಳ ಅನ್ನುತ್ತವೆ, ಗಿಣಿಗಳು ಹತ್ತಿರ ಸುಳಿಯುವುದಿಲ್ಲ. ಊರಲ್ಲೆಲ್ಲ ಹಾಗೇ ಮಾಡುತ್ತಿದ್ದರು. ಶಕೀಲ ಧಾರಾಳಿ. ಸಿನೆಮಾದ್ದು, ಹಾಡಿನದು, ಕೆಲಸದ್ದು ಎಂದು ಆರಿಸದೆ ಡಬ್ಬಿಗೆ ಡಬ್ಬಿಯನ್ನೇ ಅವಳ ಸೆರಗಿಗೆ ಸುರಿದಿದ್ದ.

ಮುಂಡರಗಿಯ ಒಬ್ಬ ಪ್ರೆಸ್ಸಿನವನಿಗೆ ಫೋನು ಮಾಡಿ ಅಂಥ ಸೀಡಿ ಇದೆಯೇ ಎಂದು ಕೇಳಿದ. ಅವನು ನಕ್ಕು, ನಗು ನಿಲ್ಲದ್ದಕ್ಕೆ ಫೋನನ್ನೇ ಇಟ್ಟ. ಶಿರಹಟ್ಟಿಯವನೊಬ್ಬ ಟೈಪ್‌ರೈಟರಿನ ರಿಬ್ಬನ್ನೂ ಬೇಕೇನು ಎಂದು ಕೇಳಿದ. ಶಕೀಲ ಬೈಕು ಹತ್ತಿ ಅಸುಂಡಿಯ ದಾರಿ ಹಿಡಿದ.

ರಸೂಲಬಿಯ ಹೊಲದಲ್ಲಿ ಬಿಳಿಜೋಳ ಎದೆಮಟ್ಟ ನಿಂತಿತ್ತು, ತೆನೆಯಲ್ಲಿ ಹಾಲು ತುಂಬಿತ್ತು. ಈ ಬದುವಿನಿಂದ ಆ ಬದುವಿನವರೆಗೆ ಎಳೆದ ದಾರದಲ್ಲಿ ಸೀಡಿಗಳು ತಿರುಗುತ್ತಿದ್ದವು. ಬೇವಿನ ಮರದ ತುಂಬ ಗಿಣಿಗಳು ಕೂತು ತೆನೆಯನ್ನೊಮ್ಮೆ, ಸೀಡಿಯನ್ನೊಮ್ಮೆ ನೋಡುತ್ತಿದ್ದವು. ವರ್ಷದ ಬಿಸಿಲಿಗೆ ಸೀಡಿಗಳ ಮೇಲಿನ ಹೆಸರೆಲ್ಲ ಅಳಿಸಿ ಬೋಳಾಗಿದ್ದವು. ಯಾವುದು ವಿಂಡೋಸ್, ಯಾವುದು ಮದುವೆ ವಿಡಿಯೋ, ಒಂದೂ ತಿಳಿಯುವಂತಿರಲಿಲ್ಲ. ಅಕ್ಕನನ್ನು ಕೇಳಿದರೆ, ತಾನು ಹೊಳಪು ನೋಡಿ ಕಟ್ಟಿದವಳು, ಹೆಸರು ಕೇಳಿಲ್ಲ ಎಂದಳು. ಶಕೀಲ ದಾರವನ್ನೇ ಬಿಚ್ಚತೊಡಗಿದ.

ರಸೂಲಬಿ ಅವನ ಕೈ ಹಿಡಿದಳು. "ತಮ್ಮಾ, ಹಾಲ್ಗಾಳ ಐತಿ. ಹಕ್ಕಿ ಬಿದ್ದೂ ಅಂದ್ರ ಯಾರ ಕಾಯವ್ರು? ನಮ್ಮ ಮನಿಯವ್ರು ಲಾರಿ ಮ್ಯಾಲ ಹೋಗ್ಯಾರ."

ಸಂಜೆಯೊಳಗೆ ಎಲ್ಲವನ್ನೂ ತಂದು ತಾನೇ ಕಟ್ಟುತ್ತೇನೆ, ಏನಾದರೂ ಆದರೆ ತನ್ನ ಜವಾಬ್ದಾರಿ ಎಂದು ಶಕೀಲ ಹೇಳಿದ. ಅವನ ತಲೆಯಲ್ಲಿ ಆಗ ಕುರ್ಚಿ ಬಿಟ್ಟು ಬೇರೇನೂ ಇರಲಿಲ್ಲ, ಆ ಹೊತ್ತಿನಲ್ಲಿ ಮನೆಯನ್ನೇ ಬರೆದುಕೊಡು ಎಂದಿದ್ದರೂ ಆತು ಎನ್ನುತ್ತಿದ್ದ. ಚೀಲದಲ್ಲಿ ಹಿಡಿಸದ್ದಕ್ಕೆ ಸೀಡಿಯ ಸರವನ್ನು ಕೊರಳಿಗೆ ಹಾಕಿಕೊಂಡು ಬೈಕು ಬಿಟ್ಟ. ಮಟಮಟ ಮಧ್ಯಾಹ್ನದ ಬಿಸಿಲು. ಎದುರಿಗೆ ಬಂದ ಬಸ್ಸಿನ ಡ್ರೈವರು ಕಣ್ಣಿಗೆ ಕೈ ಅಡ್ಡ ಹಿಡಿದು ಬೈದ. ಗದಗಿನಲ್ಲಿ ಪೊಲೀಸನೊಬ್ಬ ತಡೆದು, ಇದು ಯಾವ ಹರಕೆ ಎಂದು ವಿಚಾರಿಸಿ, ಕೈಮುಗಿದು ಕಳಿಸಿದ.

ಪ್ರೆಸ್ಸಿನಲ್ಲಿ ಜನ ಹೆಚ್ಚಾಗಿದ್ದರು. ಸೀಡಿ ಹಾಕಬೇಕೆಂದರೆ ಅದರ ತಟ್ಟೆಯೇ ಹೊರಗೆ ಬರಲಿಲ್ಲ. ಆಗ ಭೀಮೇಶ ಮೊಬೈಲಿನ ಸಿಮ್ ತೆಗೆಯುವ ಸೂಜಿಯನ್ನು ಸಣ್ಣ ತೂತಿನಲ್ಲಿ ಚುಚ್ಚಿದ, ತಟ್ಟೆ ನಾಲಿಗೆಯ ಹಾಗೆ ಹೊರಗೆ ಬಂತು. ಆ ದಿನವೆಲ್ಲ ಅವನಿಂದಾದ ಉಪಕಾರ ಅದೊಂದೇ, ಅದನ್ನು ಅವನು ಈಗಲೂ ಬಂದವರಿಗೆಲ್ಲ ಹೇಳುತ್ತಾನೆ. ಒಂದೊಂದೇ ಸೀಡಿ ಒಳಗೆ ಹೋಯಿತು. ಯಂತ್ರ ಗುಂಯ್ ಎನ್ನುವುದು, ಸುಮ್ಮನಾಗುವುದು, ಅದೇ ಬಿಳಿ ಸಾಲು ತೋರಿಸುವುದು. ಪ್ರತಿ ಸಲವೂ ರಾಯರು, ಇದು ಅಲ್ಲ, ಎಂದು ಎಲ್ಲರ ಪರವಾಗಿ ಘೋಷಿಸುತ್ತಿದ್ದರು. ಶಕೀಲನ ಅಂಗಿ ಬೆವರಿಗೆ ಬೆನ್ನಿಗಂಟಿತ್ತು.

ಸರ ಮುಗಿಯುತ್ತ ಬಂದಾಗ ಒಂದು ಸೀಡಿಗೆ ಯಂತ್ರ ಬೇರೆ ಥರ ಗುಡುಗಿತು. ಪರದೆ ನೀಲಿಯಾಯಿತು. ಶಕೀಲನಿಗೆ ಕಣ್ಣಲ್ಲಿ ನೀರು ಬಂತು, ನಾಚಿಕೆಯಿಂದ ಒರೆಸಿಕೊಂಡ.

ಯಂತ್ರ ಪ್ರಶ್ನೆ ಕೇಳತೊಡಗಿತು. ಹಳೆಯದನ್ನೆಲ್ಲ ಅಳಿಸಿಬಿಡಲೇ ಎಂದು ಕೇಳಿದಾಗ ರಾಯರ ಬೆರಳು ಹೌದು ಎನ್ನುವ ಕೀಲಿಗೆ ಹೋಯಿತು. ಕಚೇರಿಯಲ್ಲಿ ಎಲ್ಲಿ ಕೇಳಿದರೆ ಅಲ್ಲಿ ಸಹಿ ಹಾಕಿ ಅಭ್ಯಾಸ. ಹಳೆಯದು ಅಳಿಸಿದರೆ ಕನ್ನಡ ತಂತ್ರಾಂಶವೂ ಅದರೊಂದಿಗೇ ಹೋಗುತ್ತಿತ್ತು. ಶಕೀಲ ಅವರ ಮಣಿಕಟ್ಟನ್ನು ಗಾಳಿಯಲ್ಲೇ ಹಿಡಿದ. ಹಿರಿಯರ ಕೈ ಹಿಡಿದದ್ದಕ್ಕೆ ರಾಯರು ಸ್ವಲ್ಪ ಹೊತ್ತು ಮಾತು ಬಿಟ್ಟರು, ಅದರಿಂದ ಕೆಲಸ ಜಲ್ದಿ ಸಾಗಿತು. ಆಮೇಲೆ ಯಂತ್ರ ಸೀಡಿಯ ಅಸಲಿತನಕ್ಕೆ ಗುರುತಿನ ಉದ್ದನೆಯ ಅಂಕಿ-ಅಕ್ಷರ ಕೇಳಿತು. ಶಕೀಲ ಉಸಿರು ಬಿಡದೆ ಕಣ್ಣುಮುಚ್ಚಿ ಕುಟ್ಟಿದ. ನಮ್ಮ ನಿಕಾಹದ ತಾರೀಖು ಕೇಳಿದರೆ ಈ ಮನುಷ್ಯನಿಗೆ ಬರುವುದಿಲ್ಲ ಎಂದು ಫರ್ಹಾನಾ ನೆರೆದವರಿಗೆ ತಿಳಿಸಿದಳು.

ಅರ್ಧ ದಾರಿಯಲ್ಲಿ ಎಲ್ಲ ನಿಂತಿತು. ಸೀಡಿ ಓದಲು ಬರುತ್ತಿಲ್ಲ ಎಂದಿತು ಯಂತ್ರ. ತೆಗೆದು ನೋಡಿದರೆ ಅದರ ಬೆನ್ನ ಮೇಲೆ ಗಿಣಿಯ ಹಿಕ್ಕೆ ಒಣಗಿ ಕೂತಿತ್ತು. ಅಷ್ಟು ಸೀಡಿಗಳಲ್ಲಿ ಗಿಣಿ ಅಂಜದೇ ಇದ್ದದ್ದು ಇದಕ್ಕೊಂದಕ್ಕೇ. ಶಕೀಲ ಬಚ್ಚಲಿಗೆ ಓಡಿ ಹಲ್ಲಿನ ಪೇಸ್ಟು ಹಚ್ಚಿ, ಕೂಸಿನ ಮೈ ತಿಕ್ಕಿದಷ್ಟು ಜೋಪಾನವಾಗಿ ತಿಕ್ಕಿ ತೊಳೆದು ತಂದ. ಯಂತ್ರ ನಾಲ್ಕು ಸಲ ಕೆಮ್ಮಿ ಮುಂದೆ ಸಾಗಿತು. ಹೊರಗೆ ಬಿಸಿಲು ಕೆಂಪಾಗುತ್ತಿತ್ತು. ಕೊನೆಗೆ ಪರದೆಯ ಮೇಲೆ ಮೋಡಗಳು ಕಂಡವು, ಪರಿಚಿತ ಸಂಗೀತ ಕೇಳಿತು, ಕನ್ನಡ ತಂತ್ರಾಂಶ ಇದ್ದ ಜಾಗದಲ್ಲೇ ಇತ್ತು. ಶಕೀಲ "ಶುಭವಿವಾಹ" ಎಂದು ಹೊಡೆದ, ಅಚ್ಚಾಗಿ ಬಂತು. ಅದರ ಹಿಂದೆಯೇ ಮಗ್ರಿಬ್ ಬಾಂಗ್ ಕೇಳಿಸಿತು.

ಫರ್ಹಾನಾ ಮಾತಿಗೆ ತಪ್ಪುವವಳಲ್ಲ. ಕುರ್ಚಿ ಎಳೆದು ಸೆರಗಿನಿಂದ ಒರೆಸಿ, "ಕುಂಡ್ರಿ" ಎಂದಳು. ಶಕೀಲ ಕೂತ. ನಿಕಾಹದ ದಿನವೂ ಅವನಿಗೆ ಅಷ್ಟು ಸುಖವಾಗಿರಲಿಲ್ಲ, ಆದರೆ ಅದನ್ನು ಬಾಯಿಬಿಟ್ಟು ಹೇಳುವಷ್ಟು ದಡ್ಡ ಅವನಲ್ಲ. ನೆರೆದವರಿಗೆಲ್ಲ ಇನ್ನೊಂದು ಸುತ್ತು ಚಹಾ ಬಂತು.

ಚಹಾ ಮುಗಿಯುವ ಹೊತ್ತಿಗೆ ರಸೂಲಬಿ ಬಂದಳು. ಟಂಟಂ ರಿಕ್ಷಾ ಹಿಡಿದು ಅಸುಂಡಿಯಿಂದ ನೇರ ಬಂದಿದ್ದಳು. ಬಂದವಳೇ ಉಡಿಯಲ್ಲಿದ್ದ ಜೋಳದ ತೆನೆಗಳನ್ನು ಕೀಬೋರ್ಡಿನ ಮೇಲೆ ಸುರಿದಳು. ಒಂದರಲ್ಲೂ ನೆಟ್ಟಗೆ ಕಾಳಿರಲಿಲ್ಲ. ಶಕೀಲ ದಡಬಡಿಸಿ ಎದ್ದು ಸೀಡಿಯ ಸರ ತಂದು ಮುಂದೆ ಹಿಡಿದ, ಈಗಲೇ ಹೋಗಿ ಕಟ್ಟುತ್ತೇನೆಂದ.

"ಇನ್ನ ಅದನ್ನ ಕಟ್ಟಿ ಏನ್ ಮಾಡ್ತಿ?" ಎಂದಳು ಅಕ್ಕ. "ಮರದ ಹಕ್ಕಿ ಎಲ್ಲಾ ಇಳದು ತಿಂದಾವು. ರುಚಿ ಹತ್ತೈತಿ ಅವಕ್ಕ. ಇನ್ನ ತಗಡಿಗೆ ಅಂಜಂಗಿಲ್ಲ, ಮನಶಾನ ಬೇಕು. ಜವಾಬ್ದಾರಿ ನಂದು ಅಂದೀದಿ. ನಾಳಿಂದ ಕವಣಿ ತಗೊಂಡು ಅಟ್ಟದ ಮ್ಯಾಲ ಕುಂಡ್ರು. ರಾಶಿ ಆಗೂ ತನಕ."

ಶಕೀಲ ಎಲ್ಲರ ಮುಖ ನೋಡಿದ. ತಾನು ಹೋದರೆ ಪ್ರೆಸ್ಸು ಯಾರು ನೋಡುತ್ತಾರೆ, ಈ ಯಂತ್ರ ಈಗಷ್ಟೇ ಜೀವ ಹಿಡಿದದ್ದು, ಯಾವಾಗ ಕೈಕೊಡುತ್ತದೋ ಎಂದ. ಎಲ್ಲರೂ ಯಂತ್ರದ ಕಡೆ ತಿರುಗಿದರು. ಇಷ್ಟು ವರ್ಷಗಳಲ್ಲಿ ಎಂದೂ ಇಲ್ಲದಷ್ಟು ಸಣ್ಣಗೆ, ಹೊಟ್ಟೆ ತುಂಬಿದ ಬೆಕ್ಕಿನ ಹಾಗೆ ಅದು ಗುರುಗುಟ್ಟುತ್ತಿತ್ತು. ರಾಯರು ಮಾತು ಬಿಟ್ಟದ್ದನ್ನು ಮರೆತು, ಇನ್ನು ಇದಕ್ಕೆ ಏನೂ ಆಗುವುದಿಲ್ಲ, ಬೇಕಾದರೆ ಬರೆದುಕೊಡುತ್ತೇನೆ ಎಂದರು. ಇದರ ಕೀಲಿ ಬೇರೆ, ಇದು ನನಗೊಬ್ಬನಿಗೇ ಬರುತ್ತದೆ ಎಂದು ಶಕೀಲ ಕೊನೆಯ ಅಸ್ತ್ರ ತೆಗೆದ.

ಫರ್ಹಾನಾ ತೆನೆಗಳನ್ನು ಬದಿಗೆ ಸರಿಸಿ ಕುರ್ಚಿಯಲ್ಲಿ ಕೂತಳು. "ಆಗಮನಾಭಿಲಾಷಿಗಳು" ಎಂದು ಒಂದೇ ಓಟಕ್ಕೆ ಹೊಡೆದಳು. ಒಂದು ಅಕ್ಷರವೂ ತಪ್ಪಲಿಲ್ಲ.

"ಇಷ್ಟು ವರ್ಷ ನಿಮ್ಮ ಹಿಂದ ನಿಂತು ನೋಡೇನಲ್ರೀ" ಎಂದಳು. "ಚಲೋ ಆತು, ರಿಪೇರಿ ಮಾಡಿ ಕೊಟ್ರಿ. ಕುರ್ಚಿ ನಿಮ್ದ, ನಾ ಇಲ್ಲ ಅನ್ನೂದಿಲ್ಲ. ಬಂದ ಮ್ಯಾಲ ಕುಂಡ್ರೀರಂತ."

ಮರುದಿನ ಮುಂಜಾನೆ ಶಕೀಲ ಅಸುಂಡಿಯ ಹೊಲದಲ್ಲಿ ಅಟ್ಟದ ಮೇಲೆ ಕವಣೆ ಹಿಡಿದು ಕೂತಿದ್ದ. ಬೀಸಿದ ಕಲ್ಲುಗಳೆಲ್ಲ ಪಕ್ಕದವರ ಹೊಲಕ್ಕೆ ಬೀಳುತ್ತಿದ್ದವು, ಅಲ್ಲಿಂದ ಎದ್ದ ಗಿಣಿಗಳು ಇವನ ಹೊಲಕ್ಕೆ ಇಳಿಯುತ್ತಿದ್ದವು. ಅಷ್ಟರಲ್ಲಿ ಫೋನು ಬಂತು, ಫರ್ಹಾನಾಳದು. ಯಂತ್ರ ಕೆಟ್ಟಿರಬೇಕು, ಕರೆಸಿಕೊಳ್ಳುತ್ತಾಳೆ ಎಂದು ಅವನು ಹಿಗ್ಗಿದ. ಹಿಂದಿನ ದಿನವೆಲ್ಲ ಅದು ಏಳಲಿ ಎಂದು ದುವಾ ಮಾಡಿದ್ದ ಬಾಯಿಂದಲೇ, ಅದು ಮಲಗಿರಲಿ ಎಂದು ಬೇಡಿಕೊಂಡು ಫೋನೆತ್ತಿದ.

"ಕೆಡ್ತೇನು?" ಎಂದು ಆಸೆಯಿಂದ ಕೇಳಿದ.

"ಇಲ್ರೀ, ಬಾಣದಂಗ ನಡದೈತಿ" ಎಂದಳು ಫರ್ಹಾನಾ. "ಲಕ್ಷ್ಮೇಶ್ವರದವ್ರು ಬಂದು ಕಾರ್ಡ್ ಪಾಸ್ ಮಾಡಿ ಹ್ವಾದ್ರು. ಸಂಜಿಗೆ ಹೊಲದಿಂದ ಜಲ್ದಿ ಬರ್ರಿ. ಕಾರ್ಡ್ ಮಡಚಾಕ ಯಾರೂ ಇಲ್ಲ."