ಅಣ್ಣಪ್ಪ ಮೊಗವೀರನ ನೀರೆಳೆವ ಬಾಯಿಯ ಸಮರ

ಐದು ಹೊಳೆಗಳು ಒಂದಾಗಿ ಕಡಲ ಪಾದ ತೊಳೆಯುವ ಕೋಡಿಯ ಅಳಿವೆಯಲ್ಲಿ, ಹಾಯಿದೋಣಿಗಳೂ ಡೀಸೆಲ್ ಎಂಬ ಅಮೃತವನ್ನು ಉಣ್ಣತೊಡಗಿದ ಈ ಯುಗದಲ್ಲಿ, ಪ್ರವಾಸಿಜನಮನೋಹರನೂ ಗ್ರೀಸುಲಿಪ್ತದೀರ್ಘಬಾಹುವೂ ಪರೋಪದೇಶಬಧಿರನೂ ಆದ ಅಣ್ಣಪ್ಪ ಮೊಗವೀರನೆಂಬ ಮಹಾರಥಿಯಿದ್ದನು. ಎಲೈ ವಾಗ್ದೇವಿಯೇ, ಪ್ರವಾಸಿಗರನ್ನು ಸುತ್ತಾಡಿಸುವ ಅವನ ದೋಣಿಯಿಂಜಿನ್ನಿನ ನೀರೆಳೆವ ಬಾಯಿಗೆ ಮುತ್ತಿಗೆ ಬಿದ್ದ ಕಥೆಯನ್ನು ಹೇಳುವಷ್ಟು ಉಸಿರನ್ನು ನನಗೆ ದಯಪಾಲಿಸು.

ಆ ಬಾಯಿಯೆಂದರೆ ದೋಣಿಯ ತಳದಲ್ಲಿ ಕಾಸಗಲದ ಒಂದು ತೂತು. ಇಂಜಿನ್ನು ಅದರಿಂದ ಕಡಲನೀರನ್ನು ಹೀರಿ, ಮೈ ತಂಪು ಮಾಡಿಕೊಂಡು, ಹಿಂದಿನ ಕೊಳವೆಯಿಂದ ಉಗುಳಬೇಕು. ಚಿಪ್ಪುಗಳೆಂಬ ದೈತ್ಯಕುಲವು ಅಲ್ಲಿ ಬೀಡುಬಿಟ್ಟದ್ದರಿಂದ ಇಂಜಿನ್ನು ಒಂದೇ ತಿಂಗಳಲ್ಲಿ ಎರಡು ಸಲ ಕಾದು ಹೊಗೆಯಾಡಿತ್ತು. ಆಗ ಸಹಧರ್ಮಿಣಿ ಜಲಜೆಯ ಮುಂದೆ ಅಣ್ಣಪ್ಪನು ಭೀಷಣ ಪ್ರತಿಜ್ಞೆ ಮಾಡಿದನು: ಮೂರನೆಯ ಸಲ ಕಾದರೆ ಚುಕ್ಕಾಣಿ ಅವಳದು, ತಾನು ಟಿಕೆಟು ಹರಿಯುವವನು. ಇಪ್ಪತ್ತೆರಡು ವರ್ಷ ಆ ಚುಕ್ಕಾಣಿಯನ್ನು ಇನ್ನೊಬ್ಬರ ಕೈಗೆ ಕೊಟ್ಟವನಲ್ಲ ಅವನು. ಮಾತು ಆಡಿದ ಮೇಲೆ ಊಟ ಸೇರಲಿಲ್ಲ.

ದೋಣಿಯನ್ನು ದಡಕ್ಕೆಳೆದು ಮೂರು ದಿನ ಕಾದಾಡಿದನು. ಉಳಿಯೆಂಬ ದಿವ್ಯಾಯುಧದಿಂದ ಚಿಪ್ಪುಕುಲವನ್ನು ಸಂಹರಿಸಿ, ತುಕ್ಕು ತಿಂದ ವಾಲ್ವನ್ನು ಕಿತ್ತು ಕಂಚಿನದನ್ನು ಪ್ರತಿಷ್ಠಾಪಿಸಿ, ಬಿರುಕುಬಿಟ್ಟ ಪೈಪನ್ನು ಬದಲಿಸಿ, ನಡುವೆ ಕಸ ತಡೆಯುವ ಜಾಲರಿಯ ಹೊಸ ಡಬ್ಬಿಯೊಂದನ್ನು ಕೂರಿಸಿದನು. ಬೆರಳು ಜಜ್ಜಿಕೊಂಡಾಗ ನುಡಿದದ್ದು ಕಾವ್ಯಕ್ಕೆ ಸಲ್ಲದು.

"ಎಲೈ ಮಕರಾಲಯವೇ, ನಿನ್ನ ಸಮಸ್ತ ಕಸಕಶ್ಮಲಕೋಟಿಯು ಒಟ್ಟಾಗಿ ಬಂದರೂ ಈ ಅಣ್ಣಪ್ಪನ ಜಾಲರಿಯನ್ನು ದಾಟಲಾರದು" ಎಂದು ಗರ್ಜಿಸಿದನು. ಅವನ ಬಾಯಲ್ಲಿ ಅದು "ಇನ್ನೊಂದ್ ಕಸ ಒಳಗ್ ಹೋತ್ತಾ ಕಾಂಬ" ಎಂದಿತ್ತು. ಅರ್ಥ ಒಂದೇ.

ರಿಪೇರಿಯಾದ ದೋಣಿ ನೀರಿಗಿಳಿದಾಗ ಯಜಮಾನನು ಕಡಲಿಗೆ ಹೂವು, ಹಾಲು ಅರ್ಪಿಸುವುದು ಅಲ್ಲಿಯ ಪದ್ಧತಿ. ಸಾಮಾನ್ಯರಿಗೆ ಒಂದು ಹಿಡಿ ಹೂವು ಸಾಕು. ಅಣ್ಣಪ್ಪನು ಇಂಜಿನ್ನು ಚಾಲೂ ಮಾಡಿ, ದೋಣಿಯಂಚಿನಲ್ಲಿ ಬಗ್ಗಿ, ಎರಡು ಬುಟ್ಟಿ ಸೇವಂತಿಗೆಯ ಎಸಳುಗಳನ್ನು ಪಕ್ಕದ ನೀರಿಗೇ ಸುರಿದು ಕೈಮುಗಿದನು. ಬಳಿಕ ದಂಪತಿಗಳಿಬ್ಬರೇ ಪರೀಕ್ಷೆಗೆ ಹೊರಟರು.

ಅಳಿವೆಯ ನಡುವೆ ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಏರಿತು.

ವೀರನು ಇಂಜಿನ್ನು ನಿಲ್ಲಿಸಿದನು. ವಾಲ್ವನ್ನು ತಿರುಗಿಸಿ ನೋಡಿದನು, ಪಂಪು ಬಿಚ್ಚಿದನು, ವಾಲ್ವು ಮಾರಿದ ಅಂಗಡಿಯವನ ಏಳು ತಲೆಮಾರನ್ನು ಶಪಿಸಿದನು. ಅರ್ಧ ತಾಸಾದ ಮೇಲೆ ಜಲಜೆ ಜಾಲರಿಯ ಡಬ್ಬಿಯತ್ತ ಬೆರಳು ತೋರಿಸಿದಳು.

"ಹೋಯ್, ಈ ಡಬ್ಬಿ ಬಿಚ್ಚಿ ಕಂಡ್ರ್ಯಾ?"

ನಿನ್ನೆ ತಂದ ಡಬ್ಬಿಗೆ ಏನಾದೀತೆಂದು ಅವನು ಕೇಳುವಷ್ಟರಲ್ಲಿ ಅವಳು ಮುಚ್ಚಳ ತಿರುಗಿಸಿದ್ದಳು. ಒಳಗೆ ಸೇವಂತಿಗೆಯ ಎಸಳು, ಪಲ್ಯದಂತೆ ಒತ್ತಾಗಿ ಕೂತಿತ್ತು. ಒಂದೇ ಒಂದು ಎಸಳೂ ಜಾಲರಿಯನ್ನು ದಾಟಿರಲಿಲ್ಲ. ಅವಳು ಅದನ್ನು ಕೊಡವಿ ಮುಚ್ಚಿದಳು. ಇಂಜಿನ್ನು ಹೊತ್ತಿತು, ಹಿಂದಿನ ಕೊಳವೆಯಿಂದ ನೀರು ಧಾರಾಳವಾಗಿ ಸುರಿಯಿತು. ಎಲ್ಲ ಸೇರಿ ಎರಡು ನಿಮಿಷದ ಕೆಲಸ.

ಜಾಲರಿ ಗೆದ್ದಿರುವುದರಿಂದ ಇದನ್ನು ಮೂರನೆಯ ಸಲವೆಂದು ಎಣಿಸಲಾಗದೆಂಬ ಧರ್ಮಸೂಕ್ಷ್ಮವನ್ನು ಅಣ್ಣಪ್ಪನು ವಿವರಿಸತೊಡಗಿದನು.

"ಹೌದ್, ಗೆದ್ದದ್ದ್ ಡಬ್ಬಿ," ಎಂದಳು ಜಲಜೆ. "ನೀವ್ ಈಚಿ ಬನ್ನಿ."

ಅವನು ಎದ್ದು ಚುಕ್ಕಾಣಿ ಬಿಟ್ಟನು. ಅವಳ ಕೈಯಲ್ಲಿ ದೋಣಿ ಒಂಚೂರೂ ಓಲಾಡದೆ ನೆಟ್ಟಗೆ ಹೋಯಿತು. ಅವನಿಗೆ ಹೆಚ್ಚು ನೋವಾದದ್ದು ಅದೇ.