ದಸ್ತಿ ಒಗೆದ ಸೀಟು

ವಿಶ್ವವಿದ್ಯಾಲಯದಲ್ಲಿ ಓದುವವರಿಗೆ ಓದೊಂದನ್ನು ಬಿಟ್ಟು ಉಳಿದೆಲ್ಲದರ ಚಿಂತೆ ಇರುತ್ತದೆ. ಬಸ್ಸು ಸಿಕ್ಕ ದಿನ ಕ್ಲಾಸು ಇರುವುದಿಲ್ಲ, ಕ್ಲಾಸು ಇದ್ದ ದಿನ ಬಸ್ಸು ಮಳಖೇಡದ ಹತ್ತಿರ ಪಂಕ್ಚರ್ ಆಗುತ್ತದೆ. ಒಮ್ಮೆ ನನ್ನ ಹಾಲ್ ಟಿಕೆಟ್ಟಿನಲ್ಲಿ ಯಾರೋ ಮೀಸೆಯವರ ಫೋಟೊ ಬಂದಿತ್ತು. ಅಪ್ಪ ಅದನ್ನು ನೋಡಿ, "ಇದರಾಗ ಜರಾ ಚೊಲೊ ಕಾಣ್ಲಿಕತ್ತಿ" ಎಂದರು. ಇದನ್ನೆಲ್ಲ ಸಹಿಸಿದೆ. ಸಹಿಸಲಾಗದ್ದು ಲೈಬ್ರರಿಯ ಫ್ಯಾನು.

ನಮ್ಮ ಕಡೆಯ ಮೇ ತಿಂಗಳಲ್ಲಿ ಫರಸಿ ಕಲ್ಲಿನ ನೆಲಕ್ಕೆ ನೀರು ಚೆಲ್ಲಿ ಮೈಚಾಚುವುದನ್ನು ಬಿಟ್ಟು ಮನುಷ್ಯ ಬೇರೇನೂ ಮಾಡಲಾರ. ಪರೀಕ್ಷೆ ಇಡುವುದೂ ಆಗಲೇ. ಓದುವ ಕೋಣೆಯಲ್ಲಿ ಫ್ಯಾನುಗಳು ಬೇಕಾದಷ್ಟಿದ್ದವು, ತಿರುಗುತ್ತಿದ್ದುದು ಒಂದೇ. ಮರುದಿನ ನನಗೆ ಅರ್ಥಶಾಸ್ತ್ರ, ಹಿಂದೊಮ್ಮೆ ಫೇಲಾದ ಪೇಪರು. ಈ ಸಲವೂ ಹೋದರೆ ಡಿಗ್ರಿಯೇ ಕೈತಪ್ಪಿದಂತೆ. ಆ ಫ್ಯಾನಿನ ಕೆಳಗಿನ ಕುರ್ಚಿ ಸಿಕ್ಕರೆ ಪಾಸಾಗುತ್ತೇನೆ ಎಂದು ನಾನು ಗಟ್ಟಿಯಾಗಿ ನಂಬಿದ್ದೆ.

ಬಾಗಿಲಲ್ಲಿ ಸಹಿ ಮಾಡುವವರ ಉದ್ದನೆಯ ಸಾಲು. ಆದರೆ ನಾನು ಸೇಡಂನವನು. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ದಸ್ತಿ, ಅಂದರೆ ಕರವಸ್ತ್ರ, ಎಸೆದು ಸೀಟು ಹಿಡಿದು ಬೆಳೆದವನು. ದಸ್ತಿ ಬಿದ್ದ ಸೀಟಿನಲ್ಲಿ ಕೂರುವ ಧೈರ್ಯ ನಮ್ಮ ತಾಲ್ಲೂಕಿನಲ್ಲಿ ಯಾರಿಗೂ ಇಲ್ಲ. ಕಟ್ಟಡವನ್ನು ಸುತ್ತಿ ಹೋಗಿ ಕಿಟಕಿಯಿಂದ ಗುರಿಯಿಟ್ಟು ಎಸೆದೆ. ಸರಿಯಾಗಿ ಕುರ್ಚಿಯ ಮೇಲೇ ಬಿತ್ತು. ಆರಾಮವಾಗಿ ಸಾಲಿನಲ್ಲಿ ನಿಂತು ಒಳಗೆ ಹೋದರೆ, ದಸ್ತಿಯನ್ನು ಮೇಜಿಗೆ ಸರಿಸಿ ಅಲ್ಲಿ ಶರಣಮ್ಮ ಕುಳಿತಿದ್ದಳು. ನನ್ನ ಕ್ಲಾಸಿನವಳು, ನಮ್ಮೂರಿನವಳೇ.

"ಏ ಶರಣಮ್ಮ, ಏಳು. ದಸ್ತಿ ಕಾಣಲಿಲ್ಲೇನು?"

"ಕಂಡದ. ಇದೇನು ಬಸ್ಸಾ?"

ನಮ್ಮ ಗದ್ದಲ ಕೇಳಿ ಲೈಬ್ರರಿಯನ್ ಬಂದರು. ಮೈಸೂರಿನ ಕಡೆಯವರು, ಹೊಸಬರು.

"ಸರ್, ನಾ ಮೊದಲೇ ದಸ್ತಿ ಒಗದೀನ್ರಿ" ಎಂದೆ.

ಅವರು ಅದನ್ನು ಎರಡು ಬೆರಳಲ್ಲಿ ಎತ್ತಿ ನೋಡಿದರು. "ಒಗೆದಿದ್ರೆ ಹೊರಗಡೆ ಒಣಗಹಾಕಿ. ಲೈಬ್ರರಿಗೆ ಯಾಕೆ ತಂದ್ರಿ? ನೋಡಿದ್ರೆ ಒಗೆದ ಹಾಗೂ ಕಾಣ್ತಿಲ್ಲ!"

ಕೋಣೆಯೆಲ್ಲ ನಕ್ಕಿತು. ಅವರ ಕಡೆ ಒಗೆಯುವುದೆಂದರೆ ತೊಳೆಯುವುದು, ನಮ್ಮ ಕಡೆ ಎಸೆಯುವುದು ಎಂದು ವಿವರಿಸುವಷ್ಟರಲ್ಲಿ ನನ್ನ ಅಂಗಿ ಬೆವರಿನಿಂದ ಒದ್ದೆಯಾಯಿತು. ಬಸ್ಸಿನ ಕಾನೂನನ್ನೂ ಹೇಳಿದೆ. ಅವರು ನಂಬದೆ ಶರಣಮ್ಮನನ್ನು ಕೇಳಿದರು, "ಹೌದೇನಮ್ಮ?"

ನನ್ನ ಡಿಗ್ರಿ ಅವಳ ನಾಲಿಗೆಯ ಮೇಲಿತ್ತು. ಅವಳು ಒಮ್ಮೆ ಫ್ಯಾನು ನೋಡಿದಳು, ಒಮ್ಮೆ ನನ್ನ ಮುಖ ನೋಡಿದಳು.

"ಖರೇ ಅದ್ರಿ ಸರ್. ದಸ್ತಿ ಮೊದಲ ಬಿದ್ದದ. ಸುಳ್ಳ ಹೇಳಿದ್ರ ನಾಳಿಂದ ಬಸ್ಸಿನಾಗ ನನ್ನ ದಸ್ತಿಗೂ ಯಾರೂ ಕಿಮ್ಮತ್ತು ಕೊಡಂಗಿಲ್ಲ."

ಹೀಗೆಂದು ಎದ್ದು ಬಿಸಿಲು ಹೊಡೆಯುವ ಕಿಟಕಿಯ ಪಕ್ಕಕ್ಕೆ ಹೋದಳು. ನಾನು ಚುನಾವಣೆ ಗೆದ್ದವನಂತೆ ಎಲ್ಲರತ್ತ ನೋಡಿ ಕುಳಿತೆ. ಎಂಥ ಗಾಳಿ! ಪುಸ್ತಕ ತೆರೆದದ್ದು ನೆನಪಿದೆ. ಆಮೇಲೆ ನೆನಪಿರುವುದು ಲೈಬ್ರರಿಯನ್ ಭುಜ ತಟ್ಟಿದ್ದು.

"ಏಳ್ರಿ, ನಿಮ್ಮೂರು ಬಂತು, ಇಳ್ಕೊಳ್ಳಿ. ಲೈಬ್ರರಿ ಮುಚ್ಚಬೇಕು."

ಸಂಜೆಯ ಬಸ್ಸು ಕಿಕ್ಕಿರಿದಿತ್ತು. ಶರಣಮ್ಮನಿಗೆ ಸೀಟು ಸಿಕ್ಕಿತ್ತು, ನನಗೆ ಹಿಡಿದುಕೊಳ್ಳಲು ಕಂಬಿ. ಲೈಬ್ರರಿಯ ಸೆಕೆಯಲ್ಲಿ ಕಣ್ಣು ಮುಚ್ಚಲಾಗದೆ ಅವಳು ಇಡೀ ಪುಸ್ತಕ ಓದಿ ಮುಗಿಸಿದ್ದಳು. ನನ್ನ ಸಪ್ಪೆ ಮುಖ ನೋಡಿ ಮರುಕ ಬಂತೋ ಏನೋ, "ಕೇಳಿಲ್ಲಿ" ಎಂದು ಶುರುಮಾಡಿದವಳು ಸೇಡಂ ಬರುವತನಕ ನಿಲ್ಲಿಸಲಿಲ್ಲ. ರಸ್ತೆಯ ತಗ್ಗು ಬಂದಾಗಲೆಲ್ಲ ಒಂದು ಪ್ರಶ್ನೆ ಕೇಳಿದಳು. ನಮ್ಮ ರಸ್ತೆಯಲ್ಲಿ ತಗ್ಗುಗಳಿಗೇನು ಬರ? ಪಾಠವೆಲ್ಲ ತಲೆಗೆ ಹತ್ತಿತು.

ಪಾಸಾದೆ! ಲೈಬ್ರರಿಯಲ್ಲಿ ಸೀಟು ಗೆದ್ದ ಕಥೆಯನ್ನು ಊರಲ್ಲಿ ಎದೆಯುಬ್ಬಿಸಿ ಹೇಳುತ್ತಿರುತ್ತೇನೆ. ಪಾಸಾದದ್ದು ಮಾತ್ರ ಬಸ್ಸಿನಲ್ಲಿ ನಿಂತುಕೊಂಡು ಎಂಬುದನ್ನು ಶರಣಮ್ಮ ಹೇಳುತ್ತಾಳೆ, ಅದೂ ನಾನು ಕಥೆ ಮುಗಿಸುವ ಮೊದಲೇ.