ಗೀರು ಬೀಳದಂತೆ ಸಾಗಿಸಿದ ಸಮೀಕರಣ

ಮನೆ ಸಾಮಾನು ಸಾಗಿಸುವುದರಲ್ಲಿ ನಮ್ಮ ಊರಿನ ಲಾರಿ ಯಜಮಾನರನ್ನು ಮೀರಿಸುವವರಿರಲಿಲ್ಲ. ಬೀರು, ಮಂಚ, ಗಾಜಿನ ಶೋಕೇಸು, ಏನೇ ಇರಲಿ, ಈ ಮನೆಯಲ್ಲಿ ಲಾರಿ ಹತ್ತಿದ್ದು ಆ ಮನೆಯಲ್ಲಿ ಹಾಗೇ ಇಳಿಯಬೇಕು. ಒಂದು ಗೀರು ಬಿದ್ದರೂ ಕೂಲಿ ಬೇಡ ಎನ್ನುವ ಮನುಷ್ಯ. ಅಂಥವರಿಗೆ ಆ ಸಂಜೆ ಎಂಟನೇ ಕ್ಲಾಸಿನ ಮಗಳ ಗಣಿತದ ಪುಸ್ತಕ ನೋಡಿ ಭಯ ಹತ್ತಿತ್ತು.

ಭಯ ಗಣಿತದ್ದಲ್ಲ, ಹೆಂಡತಿಯ ಅಣ್ಣನದು. ಅವರು ನಿವೃತ್ತ ಗಣಿತ ಮೇಷ್ಟ್ರು. ನಾಳೆಯ ಟೆಸ್ಟಿನಲ್ಲಿ ಮಗಳು ಫೇಲಾದರೆ ಅಣ್ಣನನ್ನು ಕರೆಸಿ, ವರ್ಷವಿಡೀ ಇಲ್ಲೇ ಇರಿಸಿಕೊಂಡು ಪಾಠ ಹೇಳಿಸುವುದಾಗಿ ಹೆಂಡತಿ ಘೋಷಿಸಿದ್ದಳು. ಹಿಂದೊಮ್ಮೆ ವಾರ ಇದ್ದು ಹೋದಾಗಲೇ ಆ ಮಹಾನುಭಾವರು ಯಜಮಾನರ ಹಲ್ಲುಜ್ಜುವ ಕ್ರಮದಲ್ಲೂ ತಪ್ಪು ಹುಡುಕಿದ್ದರು.

"ಯಾರೂ ಬೇಡ, ನಾನೇ ಹೇಳಿಕೊಡ್ತೀನಿ. ಲೆಕ್ಕ ನನಗೆ ನೀರು ಕುಡಿದಷ್ಟು ಸುಲಭ" ಎಂದುಬಿಟ್ಟರು (ಶಾಲೆಯಲ್ಲಿ ಆ ನೀರು ನೆತ್ತಿಗೇರಿದ್ದನ್ನು ಯಾರಿಗೂ ಹೇಳಿರಲಿಲ್ಲ).

ಮಗಳು ಬರೆದಳು: 5x + 3 = 2x + 15.

"ಎರಡು ಕಡೆನೂ ಎಕ್ಸ್ ಇದೆಯಲ್ಲಪ್ಪಾ?"

"ಒಂದೇ ಮನೆಯವರು ಎರಡು ಕಡೆ ಯಾಕಮ್ಮ ಇರ್ಬೇಕು? ಎಕ್ಸೆಲ್ಲ ಎಡಕ್ಕೆ ತಗೊಂಡ್ ಬಾ, ಬರೀ ಅಂಕಿಗಳನ್ನ ಬಲಕ್ಕೆ ಸಾಗಿಸು."

"ಆಚೆ ಹೋಗುವಾಗ ಚಿಹ್ನೆ ಬದಲಾಗುತ್ತಂತೆ. ಕೂಡೋದು ಕಳೆಯೋದಾಗ್ಬೇಕು ಅಂದ್ರು ಟೀಚರ್."

ಯಜಮಾನರ ವೃತ್ತಿಧರ್ಮ ಕೆರಳಿತು. "ದಾರೀಲಿ ಬದಲಾಗೋಕೆ ಅದೇನು ಕಳ್ಳಮಾಲೇ? ಹತ್ತಿದ್ದು ಹತ್ತಿದ ಹಾಗೇ ಇಳೀಬೇಕು! ಐದಕ್ಕೆ ಎರಡು ಸೇರಿಸು, ಏಳು ಎಕ್ಸ್. ಹದಿನೈದಕ್ಕೆ ಮೂರು, ಹದಿನೆಂಟು. ಹೂಂ, ಭಾಗಿಸು."

ಜಪ್ಪಯ್ಯ ಅಂದರೂ ಹದಿನೆಂಟು ಏಳಕ್ಕೆ ಬಗ್ಗಲಿಲ್ಲ. ಪುಸ್ತಕದ ಹಿಂದೆ ಉತ್ತರ ನಾಲ್ಕು ಎಂದಿತ್ತು. ಮುಂದಿನ ಲೆಕ್ಕವೂ ಹಾಗೇ ಆಯಿತು, ಅದರ ಮುಂದಿನದೂ. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಸದ್ದು ತಟ್ಟನೆ ನಿಂತಿತು. ಹೆಂಡತಿ ಕಿವಿಗೊಟ್ಟಿದ್ದಾಳೆಂದು ತಿಳಿದು ಯಜಮಾನರು ಉತ್ತರದ ಪುಟ ಮಗುಚಿದರು.

"ಅಚ್ಚಿನ ತಪ್ಪು" ಎಂದರು ಮೆಲ್ಲಗೆ.

"ಎಲ್ಲಾ ಲೆಕ್ಕದಲ್ಲೂನಾ ಅಪ್ಪಾ?"

ಮರುದಿನ ಅವರಿಗೆ ಕೆಲಸದಲ್ಲಿ ಮನಸ್ಸೇ ನಿಲ್ಲಲಿಲ್ಲ. ಯಾರದೋ ಸೋಫಾವನ್ನು ಪಕ್ಕದ ಮನೆಯೊಳಗೆ ಇಳಿಸಿ ಚೆನ್ನಾಗಿ ಬೈಸಿಕೊಂಡರು. ಸಂಜೆ ಮನೆಗೆ ಬಂದರೆ ಮಗಳು ಬಾಗಿಲಲ್ಲೇ ಕುಣಿಯುತ್ತಿದ್ದಳು.

"ಅಪ್ಪಾ, ಎಲ್ಲಾ ಸರಿ! ನೀನು ಹೇಳಿದ್ದನ್ನ ನೆನಪಿಸ್ಕೊಂಡೆ, ಅದರ ಉಲ್ಟಾ ಮಾಡ್ದೆ!"

ಅವಮಾನವೇನೋ ಆಯಿತು, ಆದರೆ ಹೋದ ಜೀವ ಬಂದಿತು. "ಹಾಗಾದ್ರೆ ನಿಮ್ಮಣ್ಣ ಬರೋ ಅಗತ್ಯ ಇಲ್ಲ ಅಲ್ವಾ?" ಎಂದರು ಹೆಂಡತಿಗೆ, ಮುಖ ಊರಗಲ ಮಾಡಿಕೊಂಡು.

"ಲೈನಲ್ಲೇ ಇದ್ದಾನೆ, ನೀವೇ ಕೇಳಿ" ಎಂದು ಅವಳು ಫೋನು ಚಾಚಿದಳು.

"ಭಾವ, ನೀವು ಪಾಠ ಮಾಡಿದ ರೀತಿನ ಮಗು ಎಲ್ಲಾ ಹೇಳ್ತು" ಎಂದಿತು ಆ ಗಂಭೀರ ಧ್ವನಿ. "ಅವಳಿಗೆ ನಾನು ಬೇಕಾಗಿಲ್ಲ, ಜಾಣೆ. ಬೇಕಾಗಿರೋದು ನಿಮಗೆ. ತಳಪಾಯದಿಂದ್ಲೇ ಶುರು ಮಾಡೋಣ, ಒಂದೆರಡು ವರ್ಷ ಹಿಡಿಯುತ್ತೆ. ಬೆಳಿಗ್ಗೆ ನಿಮ್ಮ ಲಾರಿ ಕಳಿಸಿಬಿಡಿ. ಮಂಚ, ಬೀರು, ಕರಿಹಲಗೆ ಎಲ್ಲ ಕಟ್ಟಿಟ್ಟಿದ್ದೀನಿ."